ಬೂತಾಯಿ ಬಾಯಿಬಿಟ್ಟ ಮೇಲೆ

‘ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧ ಏಕೆ?’ ಮಲ್ಪೆ ಕಡೆಯ ಶಾಲೆಯೊಂದರಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಇದಕ್ಕೆ ಬರೆದ ಉತ್ತರ ನಾಲ್ಕೇ ಪದ: ‘ಮೀನಿನ ಸಂತತಿ ಉಳಿಯಬೇಕು, ಅದಕ್ಕೆ.’ ಅವನ ಅಪ್ಪ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ, ಆ 61 ದಿನ ಬೋಟು ದಕ್ಕೆಯಲ್ಲಿ ನಿಂತರೆ ಮನೆಯಲ್ಲಿ ಏನೇನಾಗುತ್ತದೆ ಎಂಬುದು ಪಾಠ ಮಾಡುವವರಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಗೊತ್ತಿದ್ದದ್ದು ಪೆನ್ನಿನ ತುದಿಗೆ ಇಳಿಯಲಿಲ್ಲ, ಅಷ್ಟೆ.

ಮರುದಿನ ಟೀಚರು ಪುಸ್ತಕ ಮುಚ್ಚಿಸಿ ಮಕ್ಕಳನ್ನು ನಾಟಕಕ್ಕಿಳಿಸಿದರು, ಅವನನ್ನು ಬೂತಾಯಿ ಮೀನು ಮಾಡಿದರು. ಒಬ್ಬಳು ಬೋಟಿನ ಮಾಲಕಿ, ಇನ್ನೊಬ್ಬ ಐಸ್ ಪ್ಲಾಂಟಿನವ. ಟೀಚರೇ ಮೀನುಗಾರಿಕೆ ಇಲಾಖೆಯ ಅಧಿಕಾರಿ. ಬರೆದುಕೊಟ್ಟ ಮಾತು ಯಾರ ಕೈಯಲ್ಲೂ ಇಲ್ಲ. ಬೂತಾಯಿ ಎದ್ದು ನಿಂತು ತುಳುವಿನಲ್ಲಿ ಶುರುಮಾಡಿತು: ‘ಎನ್ನ ಬಂಜಿಡ್ ತೆತ್ತಿ ಉಂಡು, ಎನನ್ ಬುಡ್ಲೆ.’ ಹೊಟ್ಟೆಯಲ್ಲಿ ಮೊಟ್ಟೆ ಇದೆ, ನನ್ನನ್ನು ಬಿಡಿ. ಮಾಲಕಿ ಸುಮ್ಮನಿರುವವಳಲ್ಲ: ‘ಹಾಗಾದರೆ ನಾಡದೋಣಿಯವರು ಹಿಡಿಯಬಹುದಾ? ಅವರ ಬಲೆಗೆ ಬಿದ್ದರೆ ನಿನ್ನ ಮೊಟ್ಟೆ ಉಳಿಯುತ್ತದಾ?’ ಹುಡುಗ ತಬ್ಬಿಬ್ಬಾದ. ತಲೆ ಕೆರೆದುಕೊಂಡ. ‘ಅವರು ದಡದ ಹತ್ತಿರವೇ ಇರ್ತಾರೆ, ಹಿಡಿಯುವುದೂ ಸ್ವಲ್ಪ. ಆದರೆ ನಿಮ್ಮ ಬಲೆ...’

ಆ ‘ಆದರೆ’ ನೋಡಿ. ‘ಹಾಗಿದ್ದರೂ’, ‘ಒಂದು ವೇಳೆ’, ‘ಯಾಕೆಂದರೆ’ ಮುಂತಾದ ಪದಗಳು ಮಕ್ಕಳ ಉತ್ತರಪತ್ರಿಕೆಯಲ್ಲಿ ಅಪರೂಪ. ಎದುರಾಳಿ ಇಲ್ಲದ ಕಡೆ ಅವು ಹುಟ್ಟುವುದಾದರೂ ಹೇಗೆ? ಖಾಲಿ ಹಾಳೆ ತಿರುಗಿ ಕೇಳುವುದಿಲ್ಲವಲ್ಲ.

ಬರವಣಿಗೆ ಕಷ್ಟವಾಗುವುದಕ್ಕೆ ಮಿದುಳಿನ ಕಡೆಯ ಕಾರಣವೂ ಇದೆ. ಬರೆಯುವಾಗ ಏನು ಹೇಳಬೇಕೆಂದು ಯೋಚಿಸುವುದು, ಅದನ್ನು ವಾಕ್ಯಕ್ಕೆ ತರುವುದು, ಬರೆದದ್ದನ್ನು ತಿದ್ದುವುದು ಒಂದಾದ ಮೇಲೊಂದು ಸರತಿಯಲ್ಲಿ ನಡೆಯುವುದಿಲ್ಲ, ಒಂದರೊಳಗೊಂದು ನುಗ್ಗುತ್ತವೆ ಎಂದು ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ 1981ರಲ್ಲಿ ತೋರಿಸಿದರು. ಇವೆಲ್ಲಕ್ಕೂ ಜಾಗ ಒಂದೇ, ಆ ಕ್ಷಣಕ್ಕೆ ಬೇಕಾದದ್ದನ್ನು ಹಿಡಿದಿಡುವ, ತೀರಾ ಇಕ್ಕಟ್ಟಾದ ಕ್ರಿಯಾಸ್ಮೃತಿ. ಕಾಗುಣಿತದ ಚಿಂತೆಯೇ ಅದನ್ನು ತುಂಬಿಬಿಟ್ಟರೆ ವಿಚಾರ ಹೊರಗೆ ನಿಲ್ಲಬೇಕಾಗುತ್ತದೆ. ಮೊದಲು ಆಡಿ, ಆಮೇಲೆ ಬರೆದರೆ ಯೋಚನೆಯ ಪಾಲು ಮುಂಚೆಯೇ ಮುಗಿದಿರುತ್ತದೆ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ ಆರು ಜಾಝ್ ಪಿಯಾನೊ ವಾದಕರನ್ನು ಸ್ಕ್ಯಾನರಿನೊಳಗೆ ಮಲಗಿಸಿ ಆ ಕ್ಷಣಕ್ಕೆ ಹೊಳೆದಂತೆ ನುಡಿಸಲು ಹೇಳಿದಾಗ, ತನ್ನನ್ನು ತಾನೇ ತಡೆದು ತಿದ್ದುವುದಕ್ಕೆ ಸಂಬಂಧಿಸಿದ ಮುಂಮಿದುಳಿನ ಪಕ್ಕದ ಭಾಗಗಳು ತಣ್ಣಗಾಗಿದ್ದವು. ಪಿಯಾನೊದವರನ್ನು ನೋಡಿ ಎಂಟನೇ ತರಗತಿಯವರ ಬಗ್ಗೆ ತೀರ್ಪು ಕೊಡಲಾಗದು. ಆದರೂ ಒಳಗೆ ಕೂತ ಕೆಂಪು ಶಾಯಿಯ ಮೇಷ್ಟರು ಸ್ವಲ್ಪ ಹೊತ್ತು ಹೊರಗೆ ಹೋದರೆ ಏನಾಗಬಹುದು ಎಂಬುದಕ್ಕೆ ಅದೊಂದು ಸುಳಿವು.

ಕರಾವಳಿಯವರಿಗೆ ಇದನ್ನು ವಿವರಿಸಬೇಕಾದದ್ದೇ ಇಲ್ಲ. ತಾಳಮದ್ದಳೆಯಲ್ಲಿ ಭಾಗವತರು ಒಂದು ಪದ್ಯ ಹೇಳಿ ಬಿಡುತ್ತಾರೆ, ಅದಕ್ಕೆ ಅರ್ಥಧಾರಿ ಅರ್ಧ ಗಂಟೆ ಮಾತಾಡಿಯಾರು. ವೇಷವಿಲ್ಲ, ಕುಣಿತವಿಲ್ಲ, ಬಾಯಿಪಾಠವಿಲ್ಲ. ಎದುರು ಕೂತ ಕೃಷ್ಣ ಏನು ಕೇಳುತ್ತಾನೋ ಕರ್ಣನಿಗೆ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ದೊಡ್ಡ ಹೆಸರು ಮಾಡಿದ್ದು ಈ ಮಾತಿನಿಂದ. ಆದರೆ ಅದು ಬರಿಗೈಯಲ್ಲಿ ಬಂದ ಮಾತಲ್ಲ. ಹಿಂದೆ ಪುರಾಣದ ಓದು ಇತ್ತು. ಶಾಲೆಯಲ್ಲಿ ಇದನ್ನು ಮರೆಯುವವರೇ ಹೆಚ್ಚು. ಮೀನು ಯಾವಾಗ ಮೊಟ್ಟೆಯಿಡುತ್ತದೆ ಎಂದು ಓದದ ಬೂತಾಯಿ ಬರೀ ಅಳುತ್ತದೆ.

ಇದರಿಂದ ಲಾಭವಿದೆಯೇ ಎಂದು ಅಳೆದವರೂ ಇದ್ದಾರೆ. ತರಗತಿಯ ನಾಟಕದ ಬಗ್ಗೆ ನಡೆದಿದ್ದ 80 ಅಧ್ಯಯನಗಳನ್ನು ಆ್ಯನ್ ಪೊಡ್ಲೋಜ್ನಿ 2000ದಲ್ಲಿ ಒಟ್ಟುಗೂಡಿಸಿ ನೋಡಿದಾಗ ಮಾತು, ಓದು, ಬರವಣಿಗೆ ಮೂರರಲ್ಲೂ ಸುಧಾರಣೆ ಕಂಡಿತು. ಶಬ್ದಸಂಪತ್ತಿನಲ್ಲಿ ಮಾತ್ರ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. 1993ರಲ್ಲಿ ಮೂರ್ ಮತ್ತು ಕಾಲ್ಡ್‌ವೆಲ್ ಅವರ ಪ್ರಯೋಗದಲ್ಲಿ, ಬರೆಯುವ ಮೊದಲು ಬರೀ ಚರ್ಚೆ ಮಾಡಿದ ಮಕ್ಕಳಿಗಿಂತ ನಾಟಕವಾಡಿದವರು, ಚಿತ್ರ ಬಿಡಿಸಿದವರು ಒಳ್ಳೆಯ ಕಥೆ ಬರೆದರು. ಟೀಚರೇ ಪಾತ್ರವಾಗಿ ಒಳಗೆ ಇಳಿಯುವ ಉಪಾಯವನ್ನು ಬೆಳೆಸಿದವರು ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್.

ವಿಜ್ಞಾನಕ್ಕೆ, ಸಮಾಜಕ್ಕೆ ಎಲ್ಲಕ್ಕೂ ಇದು ಒಗ್ಗುತ್ತದೆ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳ ಪಾಠಕ್ಕೆ ಮಕ್ಕಳು ಭುಜಕ್ಕೆ ಭುಜ ತಾಗಿಸಿ ಲಾವಾ ಆಗಿ ನಿಂತರು. ‘ತಣ್ಣಗಾಗಿ’ ಎಂದ ಕೂಡಲೇ ಪ್ರತಿಯೊಂದು ಗುಂಪೂ ತನ್ನ ನಡುವಿನ ಕಡೆಗೆ ಕುಗ್ಗಿತು, ಗುಂಪುಗಳ ನಡುವೆ ಬಿರುಕು ಬಿಟ್ಟಿತು. ಸುಮಾರು 8.8 ಕೋಟಿ ವರ್ಷದ ಹಿಂದೆ ಆದದ್ದು ಮೂರು ನಿಮಿಷದಲ್ಲಿ ಅಂಗಳದಲ್ಲಾಯಿತು. ಬಿರುಕು ಯಾಕೆ ಬಂತು ಎಂದು ಆಮೇಲೆ ಬರೆಯುವಾಗ ಯಾರೂ ಪಕ್ಕದವರ ಹಾಳೆ ನೋಡಲಿಲ್ಲ.

ಆಟ ಮುಗಿದ ಬಿಸಿಯಲ್ಲೇ ಬರೆಸಬೇಕು ಎನ್ನುತ್ತಾರೆ ಆ ಟೀಚರು. ನಾಳೆ ಎಂದರೆ ಗಲಾಟೆ ಮಾತ್ರ ನೆನಪಿರುತ್ತದಂತೆ. ಬೂತಾಯಿಯಿಂದ ಅವರು ಇಲಾಖೆಗೆ ಒಂದು ಅರ್ಜಿ ಬರೆಸಿದರು. ಒಂದು ಪುಟ ತುಂಬಿ ಹಿಂದಕ್ಕೂ ಹೋಗಿತ್ತು. ಮನೆಯಲ್ಲಿ ತುಳು, ಹಾಳೆಯಲ್ಲಿ ಕನ್ನಡ. ‘ತೆತ್ತಿ’ ಹಾಗೆಯೇ ಉಳಿದಿತ್ತು. ಟೀಚರು ಅದನ್ನು ಹೊಡೆದುಹಾಕದೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಮೊಟ್ಟೆ’ ಎಂದು ಬರೆದಿದ್ದರು. ಕೆಳಗೆ ಸಹಿ: ‘ಇತಿ ತಮ್ಮ ವಿಧೇಯ, ಬೂತಾಯಿ, ಅರಬಿ ಸಮುದ್ರ, ಮಲ್ಪೆ ಅಂಚೆ.’