ಹಳೇ ಡೇಟಾಬೇಸ್ ಹೊಸದಾಗುವ ಮುನ್ನ ಹೆಸರುಗಳನ್ನು ನೋಡಿ

ಮಂಡ್ಯದ ಸುತ್ತಮುತ್ತ ಬೆಲ್ಲದ ಮಂಡಿ, ಅಕ್ಕಿ ಗಿರಣಿಗಳ ಬಿಲ್ಲಿಂಗ್ ಕಂಪ್ಯೂಟರುಗಳಲ್ಲಿ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನ 5.5 ವರ್ಷನ್ ಇನ್ನೂ ಓಡುತ್ತಿರುತ್ತದೆ. ಅದಕ್ಕೆ ಕಂಪನಿಯ ಬೆಂಬಲ ನಿಂತಿದ್ದು 2018ರಲ್ಲಿ. 5.7ರದ್ದೂ 2023ರ ಅಕ್ಟೋಬರ್‌ಗೆ ಮುಗಿಯಿತು. "ಓಡ್ತಾ ಇದೆಯಲ್ಲ ಸಾರ್, ಯಾಕೆ ಮುಟ್ಟೋದು?" ಅಂತಾರೆ ಮಾಲೀಕರು. ಹಾರ್ಡ್‌ಡಿಸ್ಕ್ ಹೋದ ದಿನ ಹೊಸ ಕಂಪ್ಯೂಟರ್ ಬರುತ್ತದೆ, ಆ ಹಳೇ ವರ್ಷನ್ ಅದರ ಮೇಲೆ ಕೂರದೇ ಇರಬಹುದು. ಆಗ ಗಡಿಬಿಡಿಯಲ್ಲಿ ಮುಟ್ಟಲೇಬೇಕಾಗುತ್ತದೆ.

ಇದ್ದ ಜಾಗದಲ್ಲೇ ಏರಿಸುವುದಾದರೆ ಮೆಟ್ಟಿಲು ಹಾರುವಂತಿಲ್ಲ. 5.5ರಿಂದ 5.6, ಆಮೇಲೆ 5.7, 8.0, ಕೊನೆಗೆ 8.4. 8.0ಕ್ಕೆ ಹೋದ ಮೇಲೆ ಅದೇ ಫೈಲುಗಳನ್ನಿಟ್ಟುಕೊಂಡು 5.7ಕ್ಕೆ ವಾಪಸ್ ಬರಲಾಗದು. ಬ್ಯಾಕಪ್ ಒಂದೇ ದಾರಿ. ಡೇಟಾ ಕೆಲವೇ ಜಿಬಿ ಇದ್ದರೆ ನಾನು ಟೇಬಲ್‌ಗಳನ್ನಷ್ಟೇ ಡಂಪ್ ಮಾಡಿ (ಒಂದು ಫೈಲಿಗೆ ಬರೆಸಿಕೊಂಡು) ಹೊಸ ಸರ್ವರ್‌ಗೆ ತುಂಬುತ್ತೇನೆ, ಯೂಸರ್‌ಗಳನ್ನು ಹೊಸದಾಗಿ ಸೃಷ್ಟಿಸುತ್ತೇನೆ. ಮೊದಲು ಒಂದು ನಕಲಿನ ಮೇಲೆ, ಆಮೇಲೆ ಮಂಡಿಗೆ ರಜೆ ಇರುವ ದಿನ ಅಸಲಿನ ಮೇಲೆ.

ಸರ್ವರ್ ಏರಿಸುವುದು ಅಷ್ಟೇನೂ ಕಷ್ಟವಲ್ಲ. ನಿಜವಾದ ತಲೆನೋವು ಕನ್ನಡದ ಹೆಸರುಗಳದ್ದು.

ಹಳೇ ಮೈಎಸ್‌ಕ್ಯೂಎಲ್‌ನಲ್ಲಿ ಏನೂ ಹೇಳದಿದ್ದರೆ ಕಾಲಂನ ಅಕ್ಷರ ಪದ್ಧತಿ ಲ್ಯಾಟಿನ್1, ಅಂದರೆ ಇಂಗ್ಲಿಷಿನಂಥ ಭಾಷೆಗಳದ್ದು, ಆಗುತ್ತಿತ್ತು. ಅದರಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಯೂನಿಕೋಡ್ ಕನ್ನಡಕ್ಕೆ ಹಾಗಲ್ಲ. ಅಕ್ಷರ, ಸೊನ್ನೆ, ಗುಣಿತದ ಗುರುತು, ಒಂದೊಂದಕ್ಕೂ ಮೂರು ಬೈಟ್ ಬೇಕು. ಸಾಫ್ಟ್‌ವೇರ್ ಆ ಬೈಟುಗಳನ್ನು ಹಾಗೇ ತುರುಕುತ್ತಿತ್ತು, ಹಾಗೇ ತೆಗೆಯುತ್ತಿತ್ತು. ಪರದೆಯ ಮೇಲೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ಹೊಸ ಡ್ರೈವರ್ (ಸಾಫ್ಟ್‌ವೇರನ್ನು ಡೇಟಾಬೇಸಿಗೆ ಜೋಡಿಸುವ ಕೊಂಡಿ) ಯುಟಿಎಫ್8ಎಂಬಿ4, ಅಂದರೆ ಯೂನಿಕೋಡ್ ಪದ್ಧತಿಯಲ್ಲಿ, ಕೊಡು ಅಂತ ಕೇಳಿದ ಕೂಡಲೇ ರೈತರ ಹೆಸರೆಲ್ಲ ಗೀಚುಬರಹ. ಆಗ ಕಾಲಂ ಅನ್ನು ನೇರವಾಗಿ ಯುಟಿಎಫ್8ಎಂಬಿ4ಗೆ ಬದಲಿಸಿದರೆ ಗೀಚುಬರಹವೇ ಕಾಯಂ. ಮೊದಲು ಬೈನರಿ (ಯಾವ ಅಕ್ಷರ ಪದ್ಧತಿಯೂ ಇಲ್ಲದ ಬರೀ ಬೈಟುಗಳು) ಮಾಡಬೇಕು, ಆಮೇಲೆ ಯುಟಿಎಫ್8ಎಂಬಿ4. ಆಗ ಬೈಟುಗಳು ಅಲ್ಲಾಡುವುದಿಲ್ಲ, ಅವುಗಳ ಅರ್ಥ ಮಾತ್ರ ಸರಿಯಾಗುತ್ತದೆ.

ಅಲ್ಲೂ ಒಂದು ಗುಂಡಿ ಇದೆ. ಹೆಸರಿನ ಕಾಲಂಗೆ 20 ಅಂತ ಅಳತೆ ಕೊಟ್ಟಿದ್ದರು ಅನ್ನಿ. 'ನಂಜುಂಡೇಗೌಡ'ಕ್ಕೆ 30 ಬೈಟ್ ಬೇಕು. ಹಳೇ ಸರ್ವರ್ ತಕರಾರು ಮಾಡದೆ 20ಕ್ಕೆ ಕತ್ತರಿಸಿಬಿಟ್ಟಿದೆ. ಉಳಿದದ್ದು 'ನಂಜುಂಡ', ಜೊತೆಗೆ ಏತ್ವದ ಮೂರು ಬೈಟಿನಲ್ಲಿ ಎರಡು. ಹೊಸ ಸರ್ವರ್ ಕಟ್ಟುನಿಟ್ಟು. ಆ ಅರೆಬರೆ ಸಾಲು ಸಿಕ್ಕ ತಕ್ಷಣ ಎರರ್ ಕೊಟ್ಟು ನಿಲ್ಲುತ್ತದೆ. ಕಟ್ಟುನಿಟ್ಟು ಮೋಡ್ ಆಫ್ ಮಾಡಿ ಮುಂದೆ ಹೋಗಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪಲ್ಲ. ಆ ಎರರ್‌ಗಳಿಂದಲೇ ಯಾವ ಹೆಸರು ತುಂಡಾಗಿದೆ ಅಂತ ಗೊತ್ತಾಗುವುದು. ಪಟ್ಟಿ ಮಾಡಿ, ಖಾತೆ ಪುಸ್ತಕ ತೆಗೆದು, ಗುಮಾಸ್ತರ ಪಕ್ಕ ಕೂತು ತುಂಬಿಸಬೇಕು. ಬೇಸರದ ಕೆಲಸ, ಆದರೆ ದುಡ್ಡು ಸೇರಬೇಕಾದದ್ದು ನಂಜುಂಡನಿಗೋ ನಂಜುಂಡೇಗೌಡನಿಗೋ ಅನ್ನುವುದು ಸಣ್ಣ ವಿಷಯವಲ್ಲ ಅಲ್ವಾ? ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಕಥೆಯೇ ಬೇರೆ. ಅದು ಯೂನಿಕೋಡೇ ಅಲ್ಲ, ಪರಿವರ್ತಕ ಬೇಕು.

ಇನ್ನೊಂದು ದೂರು ಖಂಡಿತ ಬರುತ್ತದೆ: "ದಿನದ ಲೆಕ್ಕ ಹಿಂದುಮುಂದಾಗಿದೆ." 5.7ರವರೆಗೆ ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವ ಆದೇಶ) ಅಂದರೆ ಸಾಲುಗಳು ತಾನಾಗೇ ಕ್ರಮವಾಗಿ ಬರುತ್ತಿದ್ದವು. 8.0ರಿಂದ ಕ್ರಮ ಕೇಳುವ ಆರ್ಡರ್ ಬೈ ಬರೆದರೆ ಮಾತ್ರ. ಲೆಕ್ಕ ತಪ್ಪಿರುವುದಿಲ್ಲ, ಕ್ರಮ ತಪ್ಪಿರುತ್ತದೆ. ಸೊನ್ನೆ ತುಂಬಿದ ತಾರೀಖುಗಳೂ ಟೇಬಲ್ ಬದಲಿಸುವಾಗ ಅಡ್ಡ ಬರುತ್ತವೆ, ಅವನ್ನು ಮೊದಲೇ ನಲ್ (ಖಾಲಿ) ಮಾಡಿಕೊಳ್ಳಿ.

ಕೊನೆಗೆ ಲಾಗಿನ್. 8.4ರಲ್ಲಿ ಹಳೇ ಪಾಸ್‌ವರ್ಡ್ ಪದ್ಧತಿ ಸುಮ್ನೆ ಬಿಟ್ಟರೆ ಆಫ್ ಆಗಿರುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವರು ಈಗ ಬೆಂಗಳೂರಲ್ಲೆಲ್ಲೋ ಇದ್ದು ಫೋನ್ ಎತ್ತದಿದ್ದರೆ, ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ ಸದ್ಯಕ್ಕೆ ಕೆಲಸ ನಡೆಸಬಹುದು. 9.0ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ಹಾಗಾಗಿ ಅಷ್ಟರೊಳಗೆ ಹೊಸ ಡ್ರೈವರ್ ಹಾಕಿಕೊಡುವವರನ್ನು ಹುಡುಕಿಕೊಳ್ಳಿ.