ಪ್ರೋಗ್ರಾಂನಿಂದ ಬ್ರೌಸರ್ ತೆರೆಯುವುದು ಹೇಗೆ?

ಪ್ರಶ್ನೆ: ನನ್ನ ಪೈಥಾನ್ ಪ್ರೋಗ್ರಾಂ ಕೊನೆಯಲ್ಲಿ ಒಂದು ವೆಬ್ ಪುಟ ತೆರೆಯಬೇಕು. ನನ್ನ ವಿಂಡೋಸ್‌ನಲ್ಲಿ ಸರಿಯಾಗಿ ತೆರೆಯುತ್ತದೆ. ಗೆಳೆಯನ ಉಬುಂಟುವಿನಲ್ಲಿ ಎರರ್ ಬರುತ್ತದೆ. ಯಾಕೆ?

ಉತ್ತರ: ಕ್ರೋಮ್ ಇರುವ ಜಾಗವನ್ನೇ ಕೋಡಿನಲ್ಲಿ ಬರೆದಿದ್ದೀರಿ ಅಲ್ವಾ? ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್ ಅಂತ? ಉಬುಂಟುವಿನಲ್ಲಿ ಸಿ ಡ್ರೈವೇ ಇಲ್ಲ. ಗೆಳೆಯ ಫೈರ್‌ಫಾಕ್ಸ್ ಬಳಸುತ್ತಿದ್ದರಂತೂ ಕ್ರೋಮ್ ಹುಡುಕಿ ಪ್ರಯೋಜನವಿಲ್ಲ. ಯಾವ ಬ್ರೌಸರ್ ಬೇಕು ಅನ್ನುವುದನ್ನು ಕಂಪ್ಯೂಟರ್ ಬಳಸುವವರು ಆಗಲೇ ಆರಿಸಿಟ್ಟಿರುತ್ತಾರೆ. ನೀವು ವಿಳಾಸ ಮಾತ್ರ ಕೊಡಿ, ಮಿಕ್ಕಿದ್ದು ಸಿಸ್ಟಂ ನೋಡಿಕೊಳ್ಳುತ್ತದೆ.

ಈ ಕೆಲಸಕ್ಕೆ ಮ್ಯಾಕ್‌ನಲ್ಲಿ 'ಓಪನ್' ಎಂಬ ಕಮಾಂಡ್ ಇದೆ. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ (ಉಬುಂಟು ಕೂಡ ಲಿನಕ್ಸೇ) 'ಎಕ್ಸ್‌ಡಿಜಿ-ಓಪನ್', ವಿಂಡೋಸ್‌ನಲ್ಲಿ 'ಸ್ಟಾರ್ಟ್'.

ಈ 'ಸ್ಟಾರ್ಟ್' ನನ್ನನ್ನು ಒಂದಿಡೀ ಸಂಜೆ ಕೂರಿಸಿತ್ತು. ನನ್ನ ವಿಳಾಸದ ನಡುವೆ & ಚಿಹ್ನೆ ಇತ್ತು. ಕಮಾಂಡ್ ಪ್ರಾಂಪ್ಟ್‌ಗೆ & ಅಂದರೆ 'ಇಲ್ಲಿಂದ ಮುಂದೆ ಬೇರೆ ಕಮಾಂಡ್' ಅಂತ ಅರ್ಥ. ಹಾಗಾಗಿ ಬ್ರೌಸರ್‌ಗೆ ಅರ್ಧ ವಿಳಾಸ ಮಾತ್ರ ಹೋಯಿತು. ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿದೆ. ಆಗ ಬರೀ ಕಪ್ಪು ಕಿಟಕಿ ತೆರೆಯಿತು, ಅದರ ತಲೆಪಟ್ಟಿಯಲ್ಲಿ ನನ್ನ ವಿಳಾಸ! ಉದ್ಧರಣದೊಳಗಿನ ಮೊದಲ ಮಾತನ್ನು 'ಸ್ಟಾರ್ಟ್' ಕಿಟಕಿಯ ಹೆಸರು ಎಂದುಕೊಳ್ಳುತ್ತದೆ. ಮೊದಲು ಖಾಲಿ ಉದ್ಧರಣ ಚಿಹ್ನೆ ಹಾಕಿ, ಆಮೇಲೆ ವಿಳಾಸ ಬರೆದರೆ ಸರಿಹೋಗುತ್ತದೆ.

ಆದರೆ ನಿಮಗೆ ಇದ್ಯಾವುದೂ ಬೇಡ. ಪೈಥಾನ್ ಜೊತೆಗೇ 'ವೆಬ್‌ಬ್ರೌಸರ್' ಮಾಡ್ಯೂಲ್ ಬರುತ್ತದೆ. ಅದನ್ನು ಇಂಪೋರ್ಟ್ ಮಾಡಿ, ಅದರ 'ಓಪನ್' ಫಂಕ್ಷನ್‌ಗೆ ವಿಳಾಸ ಕೊಟ್ಟರೆ ಮೂರೂ ಕಡೆ ನಡೆಯುತ್ತದೆ. ಜಾವಾದವರಿಗೆ 'ಡೆಸ್ಕ್‌ಟಾಪ್' ಕ್ಲಾಸಿನ 'ಬ್ರೌಸ್' ಇದೆ. ಪುಟ ನಿಮ್ಮ ಡಿಸ್ಕ್‌ನಲ್ಲೇ ಇರುವ ಫೈಲ್ ಆದರೆ ಸುಮ್ನೆ ಫೈಲ್ ದಾರಿ ಕೊಡಬೇಡಿ. ಪೈಥಾನ್‌ನದೇ 'ಪಾತ್‌ಲಿಬ್' ಮಾಡ್ಯೂಲ್ ಬಳಸಿ ಅದನ್ನು 'ಫೈಲ್' ಎಂದು ಶುರುವಾಗುವ ಪೂರ್ಣ ವಿಳಾಸವಾಗಿ ಬದಲಿಸಿ.

ಬಳಸುವವರು ಟೈಪ್ ಮಾಡಿದ ವಿಳಾಸವನ್ನು ಹಾಗೇ ತೆರೆಯಬೇಡಿ. ಅದು 'ಎಚ್‌ಟಿಟಿಪಿಎಸ್' ಎಂದೇ ಶುರುವಾಗುತ್ತದಾ ನೋಡಿ. ವಿಂಡೋಸ್‌ನಲ್ಲಿ ಪುಟ ತೆರೆಯುವ ದಾರಿಯಲ್ಲೇ ಪ್ರೋಗ್ರಾಂ ಫೈಲ್ ಕೂಡ ಓಡಿಬಿಡಬಹುದು.

ಇನ್ನೊಂದು ಮಾತು. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರನ್ನು ನಮ್ಮ ಟರ್ಮಿನಲ್‌ನಿಂದಲೇ ನಡೆಸುವ ದಾರಿ) ಮೂಲಕ ಹೋಗಿ ನಿಮ್ಮ ಪ್ರೋಗ್ರಾಂ ಓಡಿಸುವವರೂ ಇರುತ್ತಾರೆ. ಅಲ್ಲಿ ತೆರೆಯಲು ಪರದೆಯೇ ಇರುವುದಿಲ್ಲ. ಬ್ರೌಸರ್ ಸಿಗದಿದ್ದರೆ 'ಓಪನ್' ಫಂಕ್ಷನ್ 'ಫಾಲ್ಸ್' ಕೊಡುತ್ತದೆ. ಆದರೆ 'ಟ್ರೂ' ಬಂದ ಮಾತ್ರಕ್ಕೆ ಪುಟ ಕಂಡಿತು ಅಂತಲೂ ಅಲ್ಲ. ಅದಕ್ಕೇ ನಾನು ಯಾವಾಗಲೂ ವಿಳಾಸವನ್ನು ಟರ್ಮಿನಲ್‌ನಲ್ಲೂ ಪ್ರಿಂಟ್ ಮಾಡುತ್ತೇನೆ. ಪುಟ ತೆರೆಯದಿದ್ದರೆ ಅವರೇ ಕಾಪಿ ಮಾಡಿ ತಮ್ಮ ಬ್ರೌಸರ್‌ಗೆ ಹಾಕಿಕೊಳ್ಳುತ್ತಾರೆ.