ಪತ್ತೇದಾರನ ಗಾಯ ಅವನ ಪ್ರಶ್ನೆಯಲ್ಲಿರುತ್ತದೆ

ಪತ್ತೇದಾರಿ ಕಾದಂಬರಿ ಬರೆಯುವವರು ಆಗಾಗ ನನ್ನ ಹತ್ತಿರ ಹಸ್ತಪ್ರತಿ ತರುತ್ತಾರೆ. ನಾನು ಮನಶ್ಶಾಸ್ತ್ರಜ್ಞೆ. ನನ್ನಲ್ಲಿ ಚಿಕಿತ್ಸೆಗೆ ಬರುವವರಲ್ಲಿ ಪೊಲೀಸರೇ ಜಾಸ್ತಿ. ಹಾಗಾಗಿ ಲೇಖಕರ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ: 'ಮೇಡಂ, ಈ ಅಧಿಕಾರಿಗೆ ಹಳೇ ಆಘಾತ ಇದೆ. ಸರಿಯಾಗಿ ಬರೆದಿದ್ದೀನಾ?'

ಗಾಯ ತೋರಿಸುವ ಪುಟಗಳನ್ನು ಅವರು ಶ್ರದ್ಧೆಯಿಂದ ಬರೆದಿರುತ್ತಾರೆ. ಕೊಲೆ ನಡೆದ ಮನೆಯಲ್ಲಿ ಒಂದು ಮಗುವಿನ ಚಪ್ಪಲಿ ಕಾಣುತ್ತದೆ. ಅಧಿಕಾರಿ ಬೆವರುತ್ತಾನೆ. ಇಪ್ಪತ್ತು ವರ್ಷ ಹಿಂದಿನ ರಾತ್ರಿ ಮೊದಲಿಂದ ಕೊನೇವರೆಗೆ ಕಣ್ಣ ಮುಂದೆ ಬರುತ್ತದೆ. ಆಮೇಲೆ ಅವನು ಮುಖ ತೊಳೆದುಕೊಂಡು ಬಂದು, ಪಕ್ಕದ ಮನೆಯವರನ್ನು ಎಂದಿನ ಹಾಗೆ ವಿಚಾರಿಸುತ್ತಾನೆ.

ನಾನು ಪೆನ್ಸಿಲ್ ಎತ್ತಿಕೊಳ್ಳುವುದು ಆ 'ಎಂದಿನ ಹಾಗೆ' ಎಂಬಲ್ಲಿ. ಗಾಯ ನಿಜವಾಗಿದ್ದರೆ ಆ ವಿಚಾರಣೆ ಎಂದಿನ ಹಾಗೆ ಇರುವುದಿಲ್ಲ.

ಸಾಮಾನ್ಯ ನೆನಪುಗಳಿಗೆ ಒಂದು ಹಿಂದುಮುಂದು ಇರುತ್ತದೆ. ಎಲ್ಲಿ, ಯಾವಾಗ, ಯಾವುದಾದ ಮೇಲೆ ಯಾವುದು ಎಂದು ಜೋಡಿಸುವುದರಲ್ಲಿ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಪಾತ್ರ ದೊಡ್ಡದು. ವಿಪರೀತ ಭಯದ ಹೊತ್ತಿನಲ್ಲಿ ಅಮಿಗ್ಡಲಾ ಎಂಬ ಇನ್ನೊಂದು ಭಾಗ ಜೋರಾಗುತ್ತದೆ, ಈ ಜೋಡಣೆ ಅರ್ಧಕ್ಕೆ ನಿಲ್ಲುತ್ತದೆ ಎಂದು ನಾವು ವಿವರಿಸುತ್ತೇವೆ. ಉಳಿಯುವುದು ಚೂರುಗಳು. ಫಿನಾಯಿಲ್ ವಾಸನೆ. ಟ್ಯೂಬ್‌ಲೈಟಿನ ಗುಂಯ್ ಎನ್ನುವ ಸದ್ದು. ಕಾಲಡಿಯ ಒದ್ದೆ ನೆಲ. ಆ ಚೂರುಗಳಿಗೆ ತಾರೀಖು ಇರುವುದಿಲ್ಲ. ಎಷ್ಟೋ ಸಲ ಚಿತ್ರವೇ ಬರುವುದಿಲ್ಲ. ಕೈ ತಣ್ಣಗಾಗುತ್ತದೆ, ಎದುರಿಗೆ ಕೂತವನ ಮೇಲೆ ಇದ್ದಕ್ಕಿದ್ದಂತೆ ಸಿಟ್ಟು ಬರುತ್ತದೆ. ಅದಕ್ಕೂ ಹಳೇ ರಾತ್ರಿಗೂ ನಂಟಿದೆ ಎಂದು ಅಧಿಕಾರಿಗೇ ಹೊಳೆಯುವುದಿಲ್ಲ. ಎದುರಿನವನು ಸುಳ್ಳು ಹೇಳುತ್ತಿದ್ದಾನೆ, ಅದಕ್ಕೇ ಸಿಟ್ಟು ಬಂತು ಎಂದುಕೊಳ್ಳುತ್ತಾನೆ. ತನಿಖೆ ದಾರಿ ತಪ್ಪುವುದು ಇಲ್ಲಿಂದಲೇ.

ಒಬ್ಬ ಅಧಿಕಾರಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾಣೆಯಾದ ಮಗುವೊಂದನ್ನು ಹುಡುಕಲು ಹೋಗಿ ತಡವಾಗಿ ತಲುಪಿದ್ದರು. ಕೊಂದವನು ಮಗುವಿನ ಚಿಕ್ಕಪ್ಪ. ಅವರ ಜೊತೆಗೇ ಟಾರ್ಚ್ ಹಿಡಿದು ರಾತ್ರಿಯಿಡೀ ಹುಡುಕಿದ್ದ. ಆಮೇಲೆ ಇಂಥ ಕೇಸುಗಳೆಂದರೆ ಇವರೇ ಎನ್ನುವಷ್ಟು ಹೆಸರು ಮಾಡಿದರು. ನಿದ್ದೆಗೆಟ್ಟು ದುಡಿಯುತ್ತಿದ್ದರು. ಆದರೆ ಪ್ರತಿ ಸಲವೂ ಅವರ ಮೊದಲ ಅನುಮಾನ, ಹುಡುಕಲು ಮುಂದೆ ಬಂದ ನೆಂಟನ ಮೇಲೇ. 'ಮನಸ್ಸು ಹೇಳ್ತದೆ ಮೇಡಂ, ಇವನೇ.' ಕೆಲವು ಸಲ ಅದು ನಿಜವೂ ಆಗಿತ್ತು. ಆ ಸಲಗಳಷ್ಟೇ ಅವರಿಗೆ ನೆನಪಿದ್ದವು.

ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1960ರಲ್ಲಿ ಒಂದು ಪುಟ್ಟ ಪ್ರಯೋಗ ಪ್ರಕಟಿಸಿದರು. 2, 4, 6 ಒಂದು ನಿಯಮದ ಪ್ರಕಾರ ಇದೆ, ನೀವೂ ಮೂರು ಮೂರು ಸಂಖ್ಯೆ ಹೇಳಿ ಪರೀಕ್ಷಿಸಿ ಆ ನಿಯಮ ಕಂಡುಹಿಡಿಯಿರಿ ಎಂದರು. ಬಹಳ ಜನ 8, 10, 12 ಎನ್ನುವಂಥವನ್ನೇ ಹೇಳಿದರು. ಎಲ್ಲಕ್ಕೂ 'ಹೌದು' ಎಂಬ ಉತ್ತರ. ನಿಯಮ ಇದ್ದದ್ದು ಇಷ್ಟೇ: ಸಂಖ್ಯೆ ಏರುತ್ತಾ ಹೋಗಬೇಕು. ಒಮ್ಮೆ 1, 2, 3 ಎಂದಿದ್ದರೆ ತಮ್ಮ ಊಹೆ ತಪ್ಪೆಂದು ತಿಳಿಯುತ್ತಿತ್ತು. ಊಹೆಯನ್ನು ಬೀಳಿಸಬಲ್ಲ ಪ್ರಶ್ನೆ ಕೇಳಲು ನಮ್ಮ ಬಾಯಿ ಬರುವುದಿಲ್ಲ. ಅಲ್ಲಿದ್ದದ್ದು ಬರೀ ಸಂಖ್ಯೆಗಳು. ನಮ್ಮ ಅಧಿಕಾರಿಯ ಊಹೆಯ ಹಿಂದೆ ಒಂದು ಸತ್ತ ಮಗು ಇದೆ. ಅವರಿಗೆ ಅದನ್ನು ಬಿಡುವುದು ಎಷ್ಟು ಕಷ್ಟ, ಅಲ್ವಾ?

ಇದು ಅವರ ತಲೆಯೊಳಗೇ ಉಳಿದಿದ್ದರೆ ಬೇರೆ ಮಾತು. ಆದರೆ ಪ್ರಶ್ನೆಯ ಮೂಲಕ ಅದು ಸಾಕ್ಷಿಯ ತಲೆಗೂ ದಾಟುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲ್ಮ್ ತೋರಿಸಿ ಪ್ರಶ್ನೆ ಕೇಳಿದರು. ಕೆಲವರಿಗೆ ಕಾರುಗಳು ಒಂದಕ್ಕೊಂದು 'ತಾಗಿದಾಗ' ಎಂಬಂಥ ಸಾಧಾರಣ ಪದ, ಕೆಲವರಿಗೆ 'ಅಪ್ಪಳಿಸಿದಾಗ' ಎಂಬಂಥ ಪದ. ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂದು ವಿಚಾರಿಸಿದರು. ಸಾಧಾರಣ ಪದ ಕೇಳಿದ್ದ 50 ಜನರಲ್ಲಿ 7 ಮಂದಿ ಹೌದೆಂದರು. ಜೋರಾದ ಪದ ಕೇಳಿದ್ದ 50 ಜನರಲ್ಲಿ 16 ಮಂದಿ. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ.

ಈಗ ಹೊಸ ಕೇಸೊಂದರಲ್ಲಿ ನಮ್ಮ ಅಧಿಕಾರಿ ಪಕ್ಕದ ಮನೆಯ ಅಜ್ಜಿಯನ್ನು ಕೇಳುತ್ತಾರೆ: 'ಆ ಚಿಕ್ಕಪ್ಪ ಮಗೂನ ಎಳ್ಕೊಂಡು ಹೋಗಿದ್ದು ನೋಡಿದ್ರಾ?' ಅಜ್ಜಿ ನೋಡಿದ್ದು ಕೈ ಹಿಡಿದು ನಡೆಸಿಕೊಂಡು ಹೋಗಿದ್ದನ್ನು. ನಾಳೆ ಹೇಳಿಕೆಗೆ ಸಹಿ ಹಾಕುವ ಹೊತ್ತಿಗೆ ಅವರಿಗೂ ಎಳೆದ ಹಾಗೇ ನೆನಪು. ಹಳೇ ಗಾಯ ಒಂದು ಕ್ರಿಯಾಪದವಾಗಿ ಫೈಲಿನೊಳಗೆ ಸೇರಿಹೋಯಿತು. ಅಜ್ಜಿಯೂ ಸುಳ್ಳು ಹೇಳಲಿಲ್ಲ, ಅಧಿಕಾರಿಯೂ ಹೇಳಲಿಲ್ಲ. ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೇ ಕಥೆಯ ಬೀಜ ಎಲ್ಲಿ ಸಿಗುತ್ತದೆ ಎಂದು ನನಗೆ ಪ್ರತಿ ಸಲ ಅನಿಸುತ್ತದೆ.

ಸಾಕ್ಷಿಯನ್ನು ಮಾತಾಡಿಸಲು ಒಳ್ಳೇ ವಿಧಾನ ಇಲ್ಲದೇ ಇಲ್ಲ. 1980ರ ದಶಕದಲ್ಲಿ ಎಡ್ವರ್ಡ್ ಗೈಸೆಲ್ಮನ್ ಮತ್ತು ರೊನಾಲ್ಡ್ ಫಿಶರ್ ಕಾಗ್ನಿಟಿವ್ ಇಂಟರ್‌ವ್ಯೂ ಎಂಬ ಪದ್ಧತಿ ರೂಪಿಸಿದರು. ಸಾಕ್ಷಿಯನ್ನು ಮನಸ್ಸಿನಲ್ಲೇ ಆ ಜಾಗಕ್ಕೆ, ಆ ಹೊತ್ತಿಗೆ ವಾಪಸ್ ಕರೆದುಕೊಂಡು ಹೋಗಬೇಕು. ಆಮೇಲೆ ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳಬೇಕು. ಮಾತು ನಿಂತರೂ ಸುಮ್ನೆ ಕಾಯಬೇಕು. ಆಘಾತ ಉಂಡವರಿಗೆ ಈ ಕಾಯುವುದೇ ಆಗುವುದಿಲ್ಲ. ಅವರ ಮೈ ಸದಾ ಕಾವಲು ಕಾಯುತ್ತಿರುತ್ತದೆ. ಮೌನ ಅಂದರೆ ಅಪಾಯ.

ಇನ್ನೊಂದು ಬಗೆಯೂ ಇದೆ. ನಾಟಕೀಯ ಅಲ್ಲ, ಆದರೆ ನಾನು ಕಂಡಿದ್ದು ಇದನ್ನೇ ಜಾಸ್ತಿ. ಕೆಲವರು ಗಾಯದ ಕಡೆ ಓಡುವುದಿಲ್ಲ, ತಪ್ಪಿಸಿಕೊಳ್ಳುತ್ತಾರೆ. ಫೋಟೋಗಳ ಕಟ್ಟಿನಲ್ಲಿ ಒಂದನ್ನು ಬೇಗ ಮಗುಚುತ್ತಾರೆ. ಮಗುವಿನ ತಾಯಿಯ ಹೇಳಿಕೆ ಪಡೆಯಲು ಕಿರಿಯರನ್ನು ಕಳಿಸುತ್ತಾರೆ. ಸುಳಿವು ಆ ಮಗುಚಿದ ಫೋಟೋದಲ್ಲೇ ಇದ್ದಿರಬಹುದು. ಕುಡಿತ, ಮುರಿದ ಮದುವೆ ಕೂಡ ನಿಜವೇ. ಆದರೆ ಅವು ಎಲ್ಲ ಪುಸ್ತಕಗಳಲ್ಲೂ ಇವೆ, ಅವುಗಳ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ.

ಲೇಖಕರಿಗೆ ಒಂದೇ ಒಂದು ಭಯಾನಕ ರಾತ್ರಿ ಬೇಕು. ಪೊಲೀಸರ ಬದುಕಿನಲ್ಲಿ ಹಾಗೆ ಒಂದೇ ಇರಲೇಬೇಕೆಂದಿಲ್ಲ. ಆಘಾತದ ನಂತರ ಉಳಿದುಬಿಡುವ ಈ ಕಾಯಿಲೆಗೆ ಪಿಟಿಎಸ್‌ಡಿ ಎಂದು ಹೆಸರು. ಅಮೆರಿಕದ ಮನೋವೈದ್ಯರ ಸಂಘದ ಮಾನಸಿಕ ಕಾಯಿಲೆಗಳ ಕೈಪಿಡಿಗೆ ಅದು ಸೇರಿದ್ದು 1980ರಲ್ಲಿ. ಕೈಪಿಡಿಯ 2013ರ ಆವೃತ್ತಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಸೇರಿಸಿತು. ಕೆಲಸದ ಭಾಗವಾಗಿ ಘೋರ ವಿವರಗಳನ್ನು ಮತ್ತೆ ಮತ್ತೆ ಎದುರಿಸುವುದೂ ಕಾರಣವಾಗಬಹುದು ಎಂದಿತು. ಅಲ್ಲಿ ಕೊಟ್ಟ ಉದಾಹರಣೆಗಳಲ್ಲೊಂದು, ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಪದೇ ಪದೇ ನೋಡುವ ಪೊಲೀಸರದ್ದೇ. ಹಾಗೆಂದು ಕಂಡವರೆಲ್ಲ ಕಾಯಿಲೆ ಬೀಳುವುದಿಲ್ಲ. ಹೆಚ್ಚಿನವರು ಬೀಳುವುದಿಲ್ಲ.

ಕೊನೇ ಅಧ್ಯಾಯದಲ್ಲಿ ಕೊಲೆಗಾರ ಸಿಕ್ಕ ಕೂಡಲೇ ಅಧಿಕಾರಿಯ ಮನಸ್ಸು ಹಗುರಾಗುವುದನ್ನು ಓದಿದರೆ ನನಗೆ ಬೇಸರವಾಗುತ್ತದೆ. ಕೇಸು ಮುಗಿದರೆ ಗಾಯ ಮಾಯುವುದಿಲ್ಲ. ಮಾಯುವ ದಾರಿ ಬೇರೆ ಇದೆ. ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಎಂಬ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ 8ರಿಂದ 15 ಭೇಟಿಗಳು. ಆ ರಾತ್ರಿಯನ್ನು ಗಟ್ಟಿಯಾಗಿ, ಮತ್ತೆ ಮತ್ತೆ ಹೇಳಬೇಕು. ಹೇಳುತ್ತಾ ಹೋದಂತೆ ಚೂರುಗಳಿಗೆ ಹಿಂದುಮುಂದು ಬರುತ್ತದೆ.

ನಮ್ಮ ಅಧಿಕಾರಿಗೆ ಒಂದೇ ಭಯ ಇತ್ತು: 'ವಾಸಿಯಾದರೆ ನನ್ನ ಚುರುಕು ಹೋಗಿಬಿಡ್ತದಾ ಮೇಡಂ?' ಚಿಕಿತ್ಸೆ ಮುಗಿಯುವ ಹೊತ್ತಿಗೆ ಇನ್ನೊಂದು ಕೇಸು ಬಂತು, ಇನ್ನೊಬ್ಬ ಅಜ್ಜಿ ಸಾಕ್ಷಿ. ಅಜ್ಜಿ ಮಾತಿನ ನಡುವೆ ನಿಂತರು. ಇವರು ಕಾದರು. ಮನಸ್ಸಿನಲ್ಲೇ ಹನ್ನೆರಡರವರೆಗೆ ಎಣಿಸಿದೆ ಎಂದರು. ಆಗ ಅಜ್ಜಿ ಹಿಂದಿನ ಗೇಟಿನ ಚಿಲಕದ ಸದ್ದಿನ ಬಗ್ಗೆ ಹೇಳಿದರು. ಇವರು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳಲ್ಲಿ ಹಿಂದಿನ ಗೇಟೇ ಇರಲಿಲ್ಲ.